ಕೆನ್ನೆಯ ಬಣ್ಣವೂ ದ್ರವವಂತೆ

ಮೂತಿ ಊದಿಸಿಕೊಂಡು ಕೂತಿರುವ ನನ್ನ ತಂಗಿಗೆ, ನಿನ್ನ ಅಕ್ಕ ಮಾಡುವ ಆಶೀರ್ವಾದಗಳು. ಜೊತೆಗೆ ಒಂದು ದೊಡ್ಡ ತಕರಾರು.

ನೀನು ಫೋನ್ ಎತ್ತುತ್ತಿಲ್ಲ. ಮೆಸೇಜು ಕಳಿಸಿದರೆ ಓದಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ ಬರೆಯಲು ಕೂತೆ. ಹರಿದು ಬಿಸಾಡುವುದಕ್ಕಾದರೂ ಕಾಗದವನ್ನು ಒಮ್ಮೆ ಕೈಯಲ್ಲಿ ಹಿಡಿಯಲೇಬೇಕು. ಹಿಡಿದ ಮೇಲೆ ಓದದೇ ಬಿಡುವವಳಲ್ಲ ನೀನು.

ನಾಟಕ ಮುಗಿದ ಮೇಲೆ ಗ್ರೀನ್ ರೂಮಿನಲ್ಲಿ ನೀನು ಕೇಳಿದ್ದು ಇನ್ನೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. "ಅಕ್ಕಾ, ನಿಜ ಹೇಳು. ಬಣ್ಣದ ಡಬ್ಬಿ ಏರ್‌ಪೋರ್ಟ್‌ನವ್ರು ಕಿತ್ಕೊಂಡ್ರಾ, ಇಲ್ಲಾ ನೀನೇ ಬಿಟ್ಟು ಬಂದ್ಯಾ?" ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟೆ. ನಿನಗೆ ಯಾಕೆ ಆ ಅನುಮಾನ ಬಂತು ಎಂದು ನನಗೆ ಗೊತ್ತು. ತಾಲೀಮಿನಲ್ಲಿ ದೀಪ ಬಿದ್ದು ನಿನ್ನ ಕೆನ್ನೆ ಸುಟ್ಟ ದಿನದಿಂದ ನಾನು ಹೇಳುತ್ತಲೇ ಬಂದಿದ್ದೇನೆ: ಕಲೆ ಇದ್ದರೆ ಇರಲಿ ಬಿಡು, ಮುಖ ಚೆನ್ನಾಗಿಯೇ ಇದೆ. ಹೇಳಿದ್ದು ಸುಳ್ಳಲ್ಲ, ಈಗಲೂ ಹೇಳುತ್ತೇನೆ. ಆದರೆ ಬಾಯಲ್ಲಿ ಹಾಗೆ ಹೇಳುತ್ತಲೇ ಕೈಯಲ್ಲಿ ಆ ಕಲೆ ಮುಚ್ಚುವ ಬಣ್ಣ ಕಲಸಿದವಳೂ ನಾನೇ ತಾನೆ?

ನಾನು ನಿನ್ನ ಊರಿಗೆ ಬಂದು ಉಳಿದಿದ್ದಾಗ ಎಷ್ಟೊಂದು ಬೆಳಗುಗಳಲ್ಲಿ ನಾವಿಬ್ಬರೂ ನಿನ್ನ ಅಡುಗೆಮನೆ ಕಿಟಕಿಯ ಹತ್ತಿರ ಕೂತಿದ್ದೆವು, ನೆನಪಿದೆಯಾ? ಚರ್ಮದ ಡಾಕ್ಟರು ಬರೆದುಕೊಟ್ಟ ಕ್ರೀಮಿಗೆ ಚೂರು ಹಳದಿ, ಚೂರು ಕೆಂಪು, ಆಮೇಲೆ ಸೂಜಿ ಮೊನೆಯಷ್ಟು ನೀಲಿ. ಒಂದು ದಿನ ಬೂದಿ ಬಳಿದ ಹಾಗಾಯಿತು, ಇನ್ನೊಂದು ದಿನ ಇಟ್ಟಿಗೆ ಬಣ್ಣ ಬಂತು. ನೀನು ಕನ್ನಡಿ ಮಗುಚಿಟ್ಟು "ಸಾಕು, ನಾಟಕಾನೇ ಬೇಡ" ಎಂದೆ. ಕೊನೆಗೊಂದು ಬೆಳಗ್ಗೆ ಬಣ್ಣ ಕೂಡಿತು. ಕಲೆ ಎಲ್ಲಿ ಶುರುವಾಗುತ್ತದೆ ಎಂದು ನನಗೇ ಕಾಣಲಿಲ್ಲ. ನೀನು ಬೀದಿಗಿಳಿದು ಹಾಲಿನಂಗಡಿಯವನ ಹತ್ತಿರ ಸುಮ್ಮನೆ ಮಾತಾಡಿಕೊಂಡು ಬಂದೆ. ಅವನು ನಿನ್ನ ಕಣ್ಣನ್ನೇ ನೋಡಿ ಮಾತಾಡಿದನಂತೆ. ಅವತ್ತೇ ನೀನು ಈ ನಾಟಕದ ವಕೀಲೆಯ ಪಾತ್ರಕ್ಕೆ ಒಪ್ಪಿಕೊಂಡೆ. ಇಂಥ ಡಬ್ಬಿಯನ್ನು ನಾನು ಬೇಕೆಂದೇ ಬಿಟ್ಟು ಬರುತ್ತೇನೆಯೇ?

ದೊಡ್ಡ ಸೂಟ್‌ಕೇಸಿನಲ್ಲಿ ಹಾಕಬಹುದಿತ್ತಲ್ಲ ಎಂದು ಎಲ್ಲರೂ ಈಗ ಬುದ್ಧಿ ಹೇಳುತ್ತಿದ್ದಾರೆ. ಹಿಂದೊಮ್ಮೆ ನಮ್ಮ ಸೂಟ್‌ಕೇಸು ನಮ್ಮನ್ನು ಬಿಟ್ಟು ಬೇರೆ ಊರು ನೋಡಲು ಹೋಗಿತ್ತು. ರಾಜ ಮೀಸೆಯಿಲ್ಲದೆ ಸಿಂಹಾಸನ ಏರಿದ. ಅಂದಿನಿಂದ ಬಣ್ಣ, ಅಂಟು, ಕೂದಲು ಎಲ್ಲವೂ ನನ್ನ ಕೈಚೀಲದಲ್ಲೇ ಬರುತ್ತವೆ.

ಆ ಕೈಚೀಲದ ಪಾಡು ಕೇಳು. ಒಂದು ವಿಮಾನ ನಿಲ್ದಾಣದಲ್ಲಿ "ಯಾವ ಡಬ್ಬೀನೂ ನೂರು ಮಿಲಿ ದಾಟೋ ಹಾಗಿಲ್ಲ, ಚಿಕ್ಕ ಚಿಕ್ಕದ್ರಲ್ಲಿ ಹಾಕ್ಕೊಂಡ್ ಬನ್ನಿ" ಎಂದರು. ರಾತ್ರಿಯೆಲ್ಲ ಕೂತು ಚಿಕ್ಕ ಚಿಕ್ಕ ಡಬ್ಬಿಗೆ ಹಾಕಿದೆ. ಮುಂದಿನ ನಿಲ್ದಾಣದಲ್ಲಿ "ಕಂಪನಿ ಚೀಟಿ ಇಲ್ಲದ ಡಬ್ಬಿ ಬಿಡಲ್ಲ" ಎಂದರು. ಒಂದು ಕಡೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹೊರಗಿಡಬೇಕು, ಇನ್ನೊಂದು ಕಡೆ ಹೊರಗಿಟ್ಟರೆ "ಯಾಕ್ರೀ ಎಲ್ಲಾ ಹರಡ್ತೀರಾ, ಒಳಗೇ ಇರ್ಲಿ" ಎಂದು ಗದರಿಕೆ. ಲಿಪ್‌ಸ್ಟಿಕ್ಕು ಇಲ್ಲಿ ಘನ, ಅಲ್ಲಿ ದ್ರವ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಇದನ್ನೆಲ್ಲ ನೋಡಿದ್ದರೆ ಕೆಲಸ ಬಿಟ್ಟು ಮನೆಗೆ ಹೋಗುತ್ತಿದ್ದರು. ನಿಯಮ ಇರಲಿ, ನಾನು ಬೇಡ ಎನ್ನುವುದಿಲ್ಲ. ಒಂದೇ ನಿಯಮ ಇರಲಿ, ಅಷ್ಟೇ.

ನಿನ್ನ ಡಬ್ಬಿಯನ್ನು ಮಾತ್ರ ನಾನು ಚಿಕ್ಕದಕ್ಕೆ ಸುರಿಯಲಿಲ್ಲ. ಡಬ್ಬಿ ಬದಲಾಯಿಸಿದರೆ ಗಾಳಿ ತಾಗಿ ಬಣ್ಣ ಕಪ್ಪಾಗುತ್ತದೆ. ಅದೇ ಡಬ್ಬಿ ಮೂರ್ನಾಲ್ಕು ನಿಲ್ದಾಣ ದಾಟಿತ್ತು, ಯಾರೂ ಕೇಳಿರಲಿಲ್ಲ. ನಿರ್ದೇಶಕರ ಜೊತೆ ನೀನು ಹಿಂದಿನ ದಿನವೇ ಹೊರಟೆ. ನಾನೂ ನಮ್ಮ ಡ್ರಮ್ಮಿನವನೂ ಮಾರನೆಯ ದಿನ ಹೊರಟೆವು. ನಮ್ಮೂರಿನಲ್ಲಿ ಚೀಲ ತಪಾಸಣೆ ದಾಟಿತು. ನಡುವೆ ವಿಮಾನ ಬದಲಾಯಿಸುವ ಕಡೆ ಮತ್ತೊಮ್ಮೆ ತಪಾಸಣೆಗೆ ಹಾಕಿದರು. ಸಿಕ್ಕಿಬಿದ್ದದ್ದು ಅಲ್ಲಿ.

ಮೊದಲು ಕಣ್ಣಿಗೆ ಬಿದ್ದದ್ದು ನಾನೇ ಕೈಯಾರೆ ಅಂಟಿಸಿದ್ದ ಚೀಟಿಗಳು. "ಹೊಸ ರಕ್ತ." "ಹಳೇ ರಕ್ತ." "ಹೆಣ." ನಮ್ಮ ಕಸುಬಿನವರಿಗೆ ಅದು ಉಪ್ಪು, ಸಕ್ಕರೆ ಎಂದು ಬರೆದಷ್ಟೇ ಸಹಜ. ತಪಾಸಣೆಗೆ ನಿಂತಿದ್ದ ಕನ್ನಡಕದ ಅಧಿಕಾರಿ ಹೆಂಗಸು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದಳು. ಇನ್ನಿಬ್ಬರು ಬಂದರು. ಹೆಣ ಎಂದರೆ ಸತ್ತವರ ಪಾತ್ರಕ್ಕೆ ಹಚ್ಚುವ ಬಣ್ಣ ಎಂದು ಮೂವರಿಗೂ ಬೇರೆ ಬೇರೆಯಾಗಿ ವಿವರಿಸಿದೆ. ಕೊನೆಗೆ ರಕ್ತ ಬಿಟ್ಟರು, ಹೆಣವನ್ನೂ ಬಿಟ್ಟರು. ನಿನ್ನ ಕೆನ್ನೆಯನ್ನು ಹಿಡಿದುಕೊಂಡರು.

"ಡಬ್ಬಿ ಮೇಲೆ ನೂರೈವತ್ತು ಅಂತ ಇದೆ" ಎಂದಳು. ಒಳಗೆ ಅರ್ಧವೂ ಇಲ್ಲ, ನೋಡಿ ಎಂದೆ. "ನಮಗೆ ಡಬ್ಬಿ ಲೆಕ್ಕ, ಒಳಗಿಂದಲ್ಲ." ಹಾಗಾದರೆ ಚಿಕ್ಕ ಡಬ್ಬಿಗೆ ಹಾಕಿಕೊಳ್ಳುತ್ತೇನೆ, ಬಣ್ಣ ಕಪ್ಪಾದರೆ ಆಗಲಿ ಎಂದೆ. "ಇಲ್ಲಿ ಡಬ್ಬಿ ಬಿಚ್ಚೋ ಹಾಗಿಲ್ಲ" ಎಂದಳು, ಅವಳದೇ ಬೆರಳು ಡಬ್ಬಿಯೊಳಗಿತ್ತು. ಆಮೇಲೆ ಕೇಳಿದಳು: "ಇದೇನು, ಗಟ್ಟಿನಾ ದ್ರವನಾ?" ಇಲ್ಲಿ ನನ್ನ ಕಸುಬಿನ ಜಂಭ ಎಡವಿತು ನೋಡು. ಗಟ್ಟಿ ಎಂದು ಸುಮ್ಮನಿರಬೇಕಿತ್ತು. ಚಳಿಗೆ ಮೇಣವಾಗುತ್ತದೆ, ಮೈ ಬಿಸಿಗೆ ಕರಗಿ ಚರ್ಮದಲ್ಲಿ ಸೇರಿಹೋಗುತ್ತದೆ, ಅದೇ ಇದರ ಹೆಚ್ಚುಗಾರಿಕೆ ಎಂದು ಪಾಠ ಮಾಡಿದೆ. "ಕರಗುತ್ತಲ್ವಾ? ಹಾಗಾದ್ರೆ ದ್ರವ" ಎಂದು ಕಸದ ಡಬ್ಬಕ್ಕೆ ಹಾಕಿದಳು. ನಾನು ಕೈ ಮುಗಿದೆ. ಇದು ನನ್ನ ತಂಗಿಯ ಮುಖ, ಇವತ್ತು ಸಂಜೆ ಅವಳು ಇದಿಲ್ಲದೆ ಹೊರಗೆ ಬರುವುದಿಲ್ಲ ಎಂದೆ. ಅಷ್ಟರಲ್ಲಿ ನಮ್ಮ ವಿಮಾನಕ್ಕೆ ಕೊನೆಯ ಕೂಗು ಬಂತು.

ಪಕ್ಕದ ಸಾಲಿನಿಂದ ದಾಟಿ ಹೋಗಿದ್ದ ಡ್ರಮ್ಮಿನವನು ವಿಮಾನದಲ್ಲಿ ಕೂತು, ಸೀಸೆ ತುಂಬ ಇದ್ದ ಮಂಡಿನೋವಿನ ಎಣ್ಣೆ ತೆಗೆದು ಕಾಲಿಗೆ ತಿಕ್ಕಿಕೊಳ್ಳುತ್ತಿದ್ದ. ಎಣ್ಣೆಯನ್ನು ಯಾರೂ ಮುಟ್ಟಿರಲಿಲ್ಲ. ಇಳಿದ ಮೇಲೆ ತಂಡಕ್ಕೆಲ್ಲ ಅದನ್ನೇ ತಮಾಷೆಯಾಗಿ ಹೇಳಿಕೊಂಡು ತಿರುಗಿದ. ನಿನ್ನ ಕಿವಿಗೂ ಬಿತ್ತು. "ಅವನ ಎಣ್ಣೆ ಬಿಟ್ಟೋರು ನಿನ್ನ ಚೋಟುದ್ದ ಡಬ್ಬಿ ಹಿಡಿದ್ರಾ?" ಎಂದು ನೀನು ಕೇಳಿದೆ. ನಿಜ ಹೇಳಲಾ? ನಿನ್ನ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ತಲೆಬುಡವಿಲ್ಲದ ನಿಯಮಕ್ಕೆ ಸಿಕ್ಕಿದವರ ನಿಜವೂ ಸುಳ್ಳಿನ ಹಾಗೆಯೇ ಕೇಳಿಸುತ್ತದೆ.

ಆಮೇಲಿನದು ನಿನಗೇ ಗೊತ್ತು. ಅಂಗಡಿಯಿಂದ ತಂದ ಬಣ್ಣ ಗೋಡೆಗೆ ಗಾರೆ ಮೆತ್ತಿದ ಹಾಗೆ ಕಂಡಿತು. ನೀನು ಎಲ್ಲವನ್ನೂ ಒರೆಸಿದೆ. ಕಲೆಯನ್ನು ಹಾಗೇ ಬಿಟ್ಟುಕೊಂಡು ವೇದಿಕೆಗೆ ನಡೆದೆ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಮರುದಿನ ಪತ್ರಿಕೆಯಲ್ಲಿ ನಿನ್ನ ಧೈರ್ಯದ ಬಗ್ಗೆ ಉದ್ದುದ್ದ ಬರೆದರು. ಓದಿ ನನ್ನ ಮೈ ಉರಿದುಹೋಯಿತು. ಬೇರೆ ದಾರಿಯೇ ಇಲ್ಲದಂತೆ ಮಾಡಿ ನೂಕಿದ ಮೇಲೆ ಅದನ್ನು ಧೈರ್ಯ ಎಂದು ಹೊಗಳಿದರೆ, ನೂಕಿಸಿಕೊಂಡವಳಿಗೆ ಹೇಗಾಗಬೇಡ?

ನಿರ್ದೇಶಕರಿಗಂತೂ ಖುಷಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. "ಇನ್ನು ಎಲ್ಲಾ ಪ್ರದರ್ಶನಕ್ಕೂ ಹೀಗೇ ಇರ್ಲಿ, ನೀವು ಆ ಡಬ್ಬಿ ಮತ್ತೆ ಮಾಡ್ಬೇಡಿ" ಎಂದರು. ಅವಳನ್ನು ಕೇಳಿದಿರಾ ಎಂದೆ. ಅದರಲ್ಲಿ ಕೇಳುವುದೇನಿದೆ ಎಂಬಂತೆ ನನ್ನನ್ನೇ ನೋಡಿದರು. ಕಸದ ಡಬ್ಬಕ್ಕೆ ಹಾಕಿದ ಆ ಹೆಂಗಸಿಗಾದರೂ ಕೈಯಲ್ಲೊಂದು ನಿಯಮವಿತ್ತು, ಇವರಿಗೆ ಅದೂ ಇಲ್ಲ.

ವಾಪಸ್ಸು ಬರುವಾಗ ನಾನೊಂದು ಹುಚ್ಚು ಕೆಲಸ ಮಾಡಿದೆ. ಅಂಗಡಿಯಲ್ಲಿ ಸಿಕ್ಕ ಅತಿ ದೊಡ್ಡ ಕ್ರೀಮಿನ ಡಬ್ಬಿ ಕೊಂಡು ಬೇಕೆಂದೇ ಕೈಚೀಲದ ಮೇಲ್ಗಡೆ ಇಟ್ಟೆ. ಹಿಡಿಯಲಿ, ಹಿಡಿದಾಗ ಫೋಟೋ ತೆಗೆದು ನಿನಗೆ ಕಳಿಸುತ್ತೇನೆ, ಆಗಾದರೂ ನಂಬುತ್ತೀಯ ಎಂದುಕೊಂಡೆ. ಅದೇ ನಿಲ್ದಾಣ, ಅದೇ ಕನ್ನಡಕದ ಹೆಂಗಸು. ಅವಳಿಗೆ ನನ್ನ ಗುರುತೇ ಹತ್ತಲಿಲ್ಲ. ಚೀಲ ಸೀದಾ ಹೊರಬಂತು. ನಾನೇ ಡಬ್ಬಿ ಎತ್ತಿ ತೋರಿಸಿ, ಇದು ನೂರಕ್ಕಿಂತ ಜಾಸ್ತಿ ಇದೆ, ಹಿಡಿಯಿರಿ ಎಂದೆ. "ಕ್ರೀಮ್ ತಾನೆ? ಹೋಗಿಮ್ಮ, ಹಿಂದೆ ಜನ ಕಾಯ್ತಿದ್ದಾರೆ" ಎಂದಳು. ನಾನು ಕದಲಲಿಲ್ಲ. ದಯವಿಟ್ಟು ಹಿಡಿಯಿರಿ ಎಂದು ಅಂಗಲಾಚಿದೆ. ಅವಳು ನನ್ನ ತೋಳು ಹಿಡಿದು ಮೆಲ್ಲಗೆ ಬೆಂಚಿನ ಮೇಲೆ ಕೂರಿಸಿದಳು. ಬೇರೆಯವರ ಚೀಲಗಳು ಒಂದೊಂದಾಗಿ ಹೊರಬರುತ್ತಿದ್ದವು. ನಾನು ಆ ದರಿದ್ರ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಗೊಳೋ ಎಂದು ಅತ್ತೆ.

ಹೀಗಾಗಿ ನನ್ನ ಹತ್ತಿರ ಸಾಕ್ಷಿ ಇಲ್ಲ. ಡ್ರಮ್ಮಿನವನು ನೋಡಿಲ್ಲ, ಹಿಡಿದವಳಿಗೆ ನೆನಪಿಲ್ಲ. ನನ್ನ ಮಾತು ಬಿಟ್ಟರೆ ನಿನಗೆ ಕೊಡಲು ಏನೂ ಇಲ್ಲ. ಇದನ್ನು ಮಾತ್ರ ಕೇಳು. ನಿನ್ನ ಮುಖದ ವಿಷಯಕ್ಕೆ ನಿನ್ನೆದುರು ನಿಂತು ಜಗಳ ಆಡಿದ್ದೇನೆ, ಮುಂದೆಯೂ ಆಡುತ್ತೇನೆ. ನಿನ್ನ ಬೆನ್ನ ಹಿಂದೆ ತೀರ್ಮಾನ ಮಾಡಿದವಳು ನಾನಲ್ಲ.

ನಿನ್ನೆಯಿಂದ ಮತ್ತೆ ಕಲಸುತ್ತಿದ್ದೇನೆ. ಅಕ್ಕತಂಗಿಯರ ಚರ್ಮ ಒಂದೇ ಅಲ್ಲವೇ ಎಂದು ನನ್ನ ಕೆನ್ನೆಗೇ ಹಚ್ಚಿ ನೋಡಿದೆ. ನನ್ನ ಮುಖಕ್ಕೆ ಸರಿಯಾಗಿ ಕೂಡುತ್ತದೆ, ಹಾಳಾದ್ದು. ಅದರಿಂದ ನಿನಗೇನು ಉಪಯೋಗ? ಭಾನುವಾರ ರೈಲು ಹತ್ತುತ್ತೇನೆ. ಎರಡು ಹಗಲಿನ ದಾರಿ, ಆಗಲಿ. ಬೆಳಕು ಇರುವಾಗ ನಿನ್ನ ಬಾಗಿಲು ತಟ್ಟುತ್ತೇನೆ. ಬಣ್ಣ ಬೇಕು ಎಂದರೆ ಕಲಸೋಣ. ಬೇಡ ಎಂದರೆ ಚೀಲ ಬಿಚ್ಚುವುದೇ ಇಲ್ಲ. ನಿರ್ದೇಶಕರಿಗೂ ಹೇಳಿಬಿಟ್ಟಿದ್ದೇನೆ: ಅವಳು ಹೇಳುವ ತನಕ ಅವಳ ಕೆನ್ನೆಯ ಬಗ್ಗೆ ಯಾರೂ ಮಾತಾಡಬೇಡಿ. ಯಾರೂ ಎಂದರೆ ನಾನೂ ಸೇರಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನನ್ನ ಮೇಲೆ ಸಿಟ್ಟಿದ್ದರೆ ಇಟ್ಟುಕೋ, ಬಾಗಿಲು ಮಾತ್ರ ತೆಗಿ. ನೀನು ಹೇಗಿರಬೇಕೆಂದು ನಿನಗೆ ಅನಿಸುತ್ತದೋ ಹಾಗೆಯೇ ನೂರು ಕಾಲ ಬಾಳು.

ಭಾನುವಾರದ ರೈಲು ಹತ್ತಲಿರುವ,
ನಿನ್ನ ಅಕ್ಕ