ಸರಿಪಡಿಸಲಾಗಿದೆ

ಮಾರ್ಚ್ 4, ಸೋಮವಾರ

ಹನ್ನೊಂದು ಗಾಡಿ. ಹನ್ನೊಂದು ಜಾಬ್ ಕಾರ್ಡ್. ಬೆಳಗ್ಗೆಯೇ ಕೌಂಟರಿನ ಮುಂದೆ ಸಾಲು, ಎಲ್ಲರ ಮುಖವೂ ಹುಳಿ ಹುಳಿ. ಹಳೆ ಕಾರು ಕೊಂಡವರು ನಗುತ್ತ ಬರುವುದು ಒಂದೇ ದಿನ — ಕೊಂಡ ದಿನ. ಆಮೇಲೆ ಬರುವುದೆಲ್ಲ ನನ್ನ ಹತ್ತಿರ. ದೂರು ಕೇಳು, ಕಾರ್ಡಿನಲ್ಲಿ ಬರೆ, ಗಾಡಿಯನ್ನು ಹಿಂದಿನ ಶೆಡ್ಡಿಗೆ ಕಳಿಸು. ಎರಡು ದಿನ ಬಿಟ್ಟು ಶೆಡ್ಡಿನಿಂದ "ರೆಡಿ" ಅಂತ ಫೋನು ಬಂದರೆ ಸೀಲು ಹೊಡಿ. ಹಳೆ ಕಾರು ಮಾರುವ ನಮ್ಮ ಸಾಹೇಬರೇ ಮಾಡಿಸಿಕೊಟ್ಟ ರಬ್ಬರ್ ಸೀಲು: "ಪರಿಶೀಲಿಸಲಾಗಿದೆ. ಸರಿಪಡಿಸಲಾಗಿದೆ." ನಾಲ್ಕು ವರ್ಷದಲ್ಲಿ ಎರಡು ಸಲ ಸವೆದು ಹೊಸದು ಬಂದಿದೆ.

ಬಿಳಿ ಕಾರಿನ ಮೇಡಂ ಮತ್ತೆ ಹಾಜರು. ಮೂರನೇ ಸಲ. ಅದೇ ದೂರು. ಸೇತುವೆ ಏರುವಾಗ ಎಂಜಿನ್ ಆಫ್. ಹತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್. ಅರವತ್ತು ದಾಟಿದ ಹೆಂಗಸು, ಗಿಡ್ಡ, ಕನ್ನಡಕಕ್ಕೆ ದಾರ. ಜಗಳ ಆಡುವವರು ವಾಸಿ, ಬೈದು ಹೋಗಿಬಿಡುತ್ತಾರೆ. ಈಕೆ ನಾನು ಬರೆಯುವುದನ್ನು ಆ ಕಡೆಯಿಂದ ತಲೆಕೆಳಗಾಗಿ ಓದುತ್ತ ನಿಂತಿರುತ್ತಾರೆ. ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಮಾರ್ಚ್ 6, ಬುಧವಾರ

ಬಿಳಿ ಕಾರು ರೆಡಿ. ಸೀಲು. ಒಯ್ದರು.

ಮಾರ್ಚ್ 8, ಶುಕ್ರವಾರ

ತಲೆ ಕೆಟ್ಟು ಹೋಗಿದೆ.

ಬಿಳಿ ಕಾರಿನ ಮೇಡಂ. ನಿನ್ನೆ ಮತ್ತೆ ಸೇತುವೆ ಮೇಲೆ ನಿಂತಿತಂತೆ. ಮೂರೂ ಕಾರ್ಡ್ ಕೌಂಟರಿನ ಮೇಲೆ ಹರಡಿದರು. ಮೂರರಲ್ಲೂ ನನ್ನ ಸೀಲಿನ ಸುತ್ತ ಕೆಂಪು ಪೆನ್ಸಿಲಿನ ಸುತ್ತು. ಪಕ್ಕದಲ್ಲಿ ಮುತ್ತಿನಂಥ ಅಕ್ಷರ — "ಕರ್ತೃ?"

ನನಗೆ ತಿಳಿಯಲಿಲ್ಲ. ಸ್ಕೂಲಿನಲ್ಲಿ ಕೇಳಿದ ಶಬ್ದ. ಕರ್ತೃ, ಕರ್ಮ, ಕ್ರಿಯಾಪದ…

"ಪ್ರೆಸ್ಸಲ್ಲಿ ಮೂವತ್ತೊಂದು ವರ್ಷ ಪ್ರೂಫ್ ತಿದ್ದಿದೀನಮ್ಮ, ಕೈ ಸುಮ್ನಿರಲ್ಲ. ಸರಿಪಡಿಸಲಾಗಿದೆ ಅಂತ ಬರ್ದಿದೀರ. ಕರ್ಮಣಿ ಪ್ರಯೋಗ. ತಪ್ಪಲ್ಲ. ಆದ್ರೆ ಯಾರು ಸರಿಪಡಿಸಿದ್ದು?"

"ಶೆಡ್ಡಲ್ಲಿ ಮಾಡ್ತಾರೆ ಮೇಡಂ."

"ಶೆಡ್ಡಲ್ಲಿ ಯಾರು?"

ಹಿಂದೆ ಸಾಲಿನಲ್ಲಿದ್ದವರು ನಗುತ್ತಿದ್ದರು. ಸಾಹೇಬರ ರೂಮಿಗೆ ಓಡಿದೆ.

"ವ್ಯಾಕರಣ ಕಲ್ಸೋಕೆ ಬಂದಿದಾರಾ? ಇನ್ನೊಂದ್ಸಲ ಗಾಡಿ ಇಟ್ಕೊಳಮ್ಮ. ತಿಂಗ್ಳು ಮುಗಿದ್ರೆ ವಾರಂಟಿ ಮುಗೀತು. ಆಮೇಲೆ ಅವ್ರುಂಟು, ಸೇತುವೆ ಉಂಟು."

ಇಟ್ಟುಕೊಂಡೆ. ಹೋಗುವಾಗ ಆಕೆ ಹೇಳಿದರು — ಗಂಡನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್, ಆಸ್ಪತ್ರೆ ಸೇತುವೆಯಾಚೆ. ಕರುಣೆ ಬರಲಿ ಅಂತಲ್ಲ, ಗಾಡಿ ಸೋಮವಾರದೊಳಗೆ ಬೇಕು ಅನ್ನುವುದಕ್ಕೆ.

ಅದೇ ದಿನ, ಸಂಜೆ 7

ಮನೆಯಲ್ಲಿ "ಹಾಲು ಉಕ್ಕಿಹೋಯ್ತು" ಅಂದೆ. ಹೇಳಿದವಳೇ ನಾಲಿಗೆ ಕಚ್ಚಿಕೊಂಡೆ. ಒಲೆ ಮುಂದೆ ನಿಂತು ಫೋನು ನೋಡುತ್ತಿದ್ದವಳು ಯಾರು? ಇವರು ಬಂದು "ಕೀ ಕಳೆದುಹೋಯ್ತು" ಅಂದರು. ಅತ್ತೆ ಒಳಗಿನಿಂದ, "ನನ್ ಕನ್ನಡಕ ಒಡೆದೋಯ್ತು." ನಮ್ಮ ಮನೆಯಲ್ಲಿ ಯಾರೂ ಏನೂ ಮಾಡುವುದೇ ಇಲ್ಲ, ಎಲ್ಲ ತಂತಾನೇ ಆಗುತ್ತದೆ. ನಗು ಬಂತು. ಆಮೇಲೆ ನಗು ಬರಲಿಲ್ಲ. ಇದೇನು ಕಾಯಿಲೆ ಅಂಟಿಸಿ ಹೋದರು ಆ ಹೆಂಗಸು.

ಮಾರ್ಚ್ 9, ಶನಿವಾರ

ಊಟದ ಬಿಡುವಿನಲ್ಲಿ ಶೆಡ್ಡಿಗೆ ಹೋದೆ. ನಾಲ್ಕು ವರ್ಷದಲ್ಲಿ ಮೊದಲ ಸಲ. ಕೌಂಟರಿನಿಂದ ಅರವತ್ತು ಹೆಜ್ಜೆಯೂ ಇಲ್ಲ. ಎಣ್ಣೆ ವಾಸನೆ, ಗೋಡೆಗೆ ಸಾಲಾಗಿ ತೂಗುಹಾಕಿದ ಸ್ಪ್ಯಾನರುಗಳು, ಪ್ರತಿಯೊಂದರ ಹಿಂದೆ ಅದರದೇ ಆಕಾರ ಬಿಳಿ ಪೇಂಟಿನಲ್ಲಿ. ಮೇಸ್ತ್ರಿ ಟಿಫಿನ್ ಡಬ್ಬಿ ಮುಚ್ಚುತ್ತಿದ್ದರು. ಶೆಡ್ಡಿಗೆಲ್ಲ ಅವರೊಬ್ಬರೇ ಮೇಸ್ತ್ರಿ. ಫೋನಿನಲ್ಲಿ "ರೆಡಿ" ಅನ್ನುವ ಧ್ವನಿ ಅವರದಲ್ಲ ಅಂತ ಇವತ್ತು ಗೊತ್ತಾಯಿತು. ಅದು ಗಾಡಿ ತೊಳೆಯುವವನದು.

"ಯಾವ್ ಬಿಳಿ ಕಾರಮ್ಮ? ಅದು ನನ್ ಹತ್ರ ಬಂದೇ ಇಲ್ವಲ್ಲ. ಸಾಹೇಬ್ರು, ತೊಳ್ದು ನೆರಳಲ್ಲಿ ನಿಲ್ಸಿ ಅಂದಿದ್ರು."

"ಮೂರು ಸಲಾನೂ?"

"ಮೂರು ಸಲಾನೂ."

ಕಾರು ತೊಳೆದು ನಾವು ಕೈ ತೊಳೆದುಕೊಂಡಿದ್ದೇವೆ. ಸೀಲು ಮಾತ್ರ ನಾನು ಹೊಡೆದಿದ್ದೇನೆ.

ಸುಮ್ಮನೆ ಬರಲಾಗದೆ ದೂರು ಪೂರ್ತಿ ಹೇಳಿದೆ. ಸಪಾಟು ರಸ್ತೆಯಲ್ಲಿ ಸರಿ, ಏರಿನಲ್ಲಿ ನಿಲ್ಲುತ್ತದೆ, ಹತ್ತು ನಿಮಿಷಕ್ಕೆ ಹೊರಡುತ್ತದೆ. ಮೇಸ್ತ್ರಿ ಗಾಡಿಯ ಹತ್ತಿರ ಹೋಗಲೂ ಇಲ್ಲ. ಕಣ್ಣು ಮುಚ್ಚಿ ಕೇಳಿದರು.

"ಟ್ಯಾಂಕಲ್ಲಿ ಏನೋ ಬಿದ್ದಿದೆ. ಏರಲ್ಲಿ ಎಂಜಿನ್ನು ಜೋರಾಗಿ ಪೆಟ್ರೋಲ್ ಎಳಿಯತ್ತೆ, ಆಗ ಅದು ಪಂಪಿನ ಬಾಯಿಗೆ ಮೆತ್ಕೊಳತ್ತೆ. ನಿಂತ ಮೇಲೆ ತಾನೇ ಬಿಟ್ಕೊಂಡು ಕೆಳಗೆ ಹೋಗತ್ತೆ. ಟ್ಯಾಂಕ್ ಇಳ್ಸಿದ್ರೆ ಸಿಗತ್ತೆ."

ಕೂತಲ್ಲಿಂದ ಏಳದೆ ಹೇಳಿದರು! ಕಾಣದ ಟ್ಯಾಂಕಿನ ಒಳಗೆ ಹೋಗಿ ನೋಡಿ ಬಂದ ಹಾಗೆ. ಬೆರಗಾಗಿ ನಿಂತೆ. ಇಂಥವರು ಅರವತ್ತು ಹೆಜ್ಜೆ ದೂರದಲ್ಲಿದ್ದರು.

ಸಾಹೇಬರಿಗೆ ಹೇಳಿದೆ. "ಟ್ಯಾಂಕ್ ಇಳ್ಸೋದಾ? ಇಡೀ ದಿನದ ಕೆಲ್ಸ. ತೊಳ್ದು ಕೊಡಿ."

ಸೀಲು ಹೊಡೆದೆ. ಹೊಡೆದೆ. ಇದನ್ನೂ ಬರೆದಿಡುತ್ತೇನೆ — ಗೊತ್ತಿದ್ದೂ ಹೊಡೆದೆ.

ಮಾರ್ಚ್ 13, ಬುಧವಾರ

ಅರ್ಧ ದಿನ ರಜೆ. ಮೇಡಂಗೆ ಫೋನು ಮಾಡಿ, ನಾನೂ ಆಸ್ಪತ್ರೆಗೆ ಜೊತೆಗೆ ಬರುತ್ತೇನೆ ಅಂದೆ. ಯಾಕೆ ಅಂತ ಕೇಳಲಿಲ್ಲ. "ಎಂಟೂ ಕಾಲಿಗೆ ಬಾಮ್ಮ."

ಹಿಂದಿನ ಸೀಟಿನಲ್ಲಿ ಅವರ ಯಜಮಾನರು, ಶಾಲು ಹೊದ್ದು. ಸಣಕಲು ದೇಹ, ಮಾತು ಚುರುಕು. ಸೇತುವೆ ಅರ್ಧ ಏರಿದ್ದೆವು. ಎಂಜಿನ್ನಿನ ಸದ್ದು ಇತ್ತು, ಇಲ್ಲವಾಯಿತು. ಹಿಂದೆ ಲಾರಿ. ಹಾರ್ನು… ಅಬ್ಬಾ, ಆ ಹಾರ್ನು ಇನ್ನೂ ಕಿವಿಯಲ್ಲಿದೆ. ನಾನು ಬಾಗಿಲಿನ ಹಿಡಿಯನ್ನು ಕಿತ್ತು ಬರುವ ಹಾಗೆ ಹಿಡಿದಿದ್ದೆ.

ಮೇಡಂ ಉರುಳುತ್ತಿದ್ದ ಗಾಡಿಯನ್ನು ಎಡಕ್ಕೆ ಒತ್ತರಿಸಿ ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆದು, ದೀಪ ಮಿನುಗಿಸಿದರು. ಇಳಿದು, ಎಚ್ಚರಿಕೆಯ ಕೆಂಪು ತ್ರಿಕೋನವನ್ನು ಮೂವತ್ತು ಹೆಜ್ಜೆ ಹಿಂದೆ ಇಟ್ಟು ಬಂದರು. ಲಾರಿಯವನು ಕಿಟಕಿಯಿಂದ ತಲೆ ಹಾಕಿ ಬೈದ. ಆಕೆ ಕೈ ಎತ್ತಿ, ಪರಿಚಯದವನಿಗೆ ಅನ್ನುವ ಹಾಗೆ, ಮುಂದೆ ಹೋಗಪ್ಪ ಅಂದರು. ಬಂದು ಕೂತು ಬ್ಯಾಗಿನಿಂದ ಪ್ರೂಫಿನ ಹಾಳೆ ತೆಗೆದು ತಿದ್ದತೊಡಗಿದರು.

"ಇವತ್ತು ಸ್ವಲ್ಪ ಮೇಲೇ ಬಂದು ನಿಂತಿದೆ ಕಣೆ," ಯಜಮಾನರು ಹಿಂದಿನಿಂದ. "ಇಲ್ಲಿಂದ ನದಿ ಚೆನ್ನಾಗ್ ಕಾಣತ್ತೆ."

"ಭಯ ಆಗಲ್ವಾ ಮೇಡಂ?"

"ಆಗತ್ತೆ. ಕೈ ನೋಡು." ಪೆನ್ಸಿಲು ನಡುಗುತ್ತಿತ್ತು. "ಲೇಟಾದ್ರೆ ಅವ್ರ ಬೆಡ್ ಬೇರೆಯವ್ರಿಗೆ ಕೊಟ್ಬಿಡ್ತಾರೆ. ಅತ್ರೆ ಗಾಡಿ ಹೊರಡತ್ತಾ? ಒಂದು ಪುಟ ಆದ್ರೂ ಆಗ್ಲಿ."

ಹನ್ನೊಂದು ನಿಮಿಷ. ಒಂದೂವರೆ ಪುಟ. ನಡುಗುವ ಕೈಯಲ್ಲಿ ಹಾಕಿದ ಒಂದು ಗುರುತೂ ಅಂಕುಡೊಂಕಾಗಿಲ್ಲ. ದೊಡ್ಡ ದೊಡ್ಡವರನ್ನು ದೂರದಿಂದ ನೋಡಿದ್ದೇನೆ. ಇಷ್ಟು ದೊಡ್ಡವರ ಪಕ್ಕ ಯಾವತ್ತೂ ಕೂತಿರಲಿಲ್ಲ.

ನಾನು ಮಾಡಿದ್ದನ್ನು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ.

ಮಾರ್ಚ್ 26, ಮಂಗಳವಾರ

ಏನೂ ಬರೆದಿರಲಿಲ್ಲ, ಬರೆಯುವ ಮುಖ ಇರಲಿಲ್ಲ. ಮೇಡಂ ಗ್ರಾಹಕರ ದೂರು ಕಚೇರಿಗೆ ಹೋಗಿದ್ದಾರೆ. ನಾಳೆ ರಾಜಿ ಮಾತುಕತೆ. ದಾಖಲೆ ಹಿಡಿದು ನಾನೂ ಬರಬೇಕಂತೆ. ಸಾಹೇಬರು ಕರೆದು ಮೆಲ್ಲಗೆ ಹೇಳಿದರು, "ಕಾರ್ಡ್ ತೋರ್ಸು, ಸುಮ್ನಿರು. ಕೆಲ್ಸದ್ ಮೇಲೆ ಆಸೆ ಇದ್ಯಲ್ಲ?" ಇದೆ. ಬಹಳ ಇದೆ.

ಅತ್ತೆಗೆ ಎಲ್ಲ ಹೇಳಿದೆ. ಬುದ್ಧಿ ಹೇಳುತ್ತಾರೆ ಅಂದುಕೊಂಡಿದ್ದೆ. "ಆ ಕನ್ನಡಕ ನಾನೇ ಮೇಲೆ ಕೂತು ಒಡೆದಿದ್ದು ಕಣೆ" ಅಂದರು.

ಮಾರ್ಚ್ 27, ಬುಧವಾರ

ಹೇಳಿಬಿಟ್ಟೆ.

ಸಣ್ಣ ರೂಮು, ಉದ್ದ ಮೇಜು, ಒಂದು ಫ್ಯಾನು, ಎದುರಿಗೆ ರಾಜಿ ಮಾಡಿಸುವ ಅಧಿಕಾರಿ. ಸಾಹೇಬರು ನಾಲ್ಕು ಕಾರ್ಡ್ ಸಾಲಾಗಿ ಇಟ್ಟರು. "ನಾಲ್ಕು ಸಲ ಸರಿ ಮಾಡ್ಕೊಟ್ಟಿದೀವಿ ಸಾರ್. ವಯಸ್ಸಾಗಿದೆ, ಇವ್ರಿಗೆ ಏರಲ್ಲಿ ಓಡ್ಸೋಕೆ ಬರಲ್ಲ."

ಓಡ್ಸೋಕೆ ಬರಲ್ಲ! ಆ ಸೇತುವೆ, ಆ ಲಾರಿ, ಆ ತ್ರಿಕೋನ. ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ.

"ಯಾರೂ ಸರಿ ಮಾಡಿಲ್ಲ ಸಾರ್. ನಾಲ್ಕು ಸಲಾನೂ ತೊಳ್ದಿದಾರೆ ಅಷ್ಟೇ. ಸೀಲು ಹೊಡ್ದಿದ್ದು ನಾನು. ನಾಲ್ಕನೇದು ಗೊತ್ತಿದ್ದೇ ಹೊಡ್ದೆ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಮೇಡಂ ಕಡೆ ನೋಡಲು ಧೈರ್ಯ ಬರಲಿಲ್ಲ. ನೋಡಿದಾಗ — ಸೇತುವೆ ಮೇಲೆ ಅಳದ ಹೆಂಗಸು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನನ್ನು ಬೈಯಲಿಲ್ಲ. ಕ್ಷಮಿಸಿದೆ ಅನ್ನಲೂ ಇಲ್ಲ.

ತೀರ್ಮಾನ: ನಾಳೆ ಆಕೆಯ ಎದುರಿಗೇ ಟ್ಯಾಂಕ್ ಇಳಿಸಬೇಕು. ಸರಿಹೋಗದಿದ್ದರೆ ಕಾರು ವಾಪಸ್ ತೆಗೆದುಕೊಳ್ಳಬೇಕು. ನನಗೆ ಸಾಹೇಬರು ಬಾಗಿಲಲ್ಲೇ ಹೇಳಿದರು, ತಿಂಗಳ ಕೊನೆವರೆಗೆ ಬಾ, ಆಮೇಲೆ ಬೇಡ.

ಮಾರ್ಚ್ 28, ಗುರುವಾರ, ಮಧ್ಯಾಹ್ನ 3.20, ಕೌಂಟರ್

ಟ್ಯಾಂಕ್ ಇಳಿಯಿತು. ಅಲ್ಲ, ಮೇಸ್ತ್ರಿ ಇಳಿಸಿದರು. ಮೊಣಕೈವರೆಗೆ ತೋಳು ಹಾಕಿ, ಮುಖ ಬೇರೆ ಕಡೆ ತಿರುಗಿಸಿ, ಬೆರಳಲ್ಲೇ ನೋಡುತ್ತ ತಡಕಾಡಿದರು. ಹೊರಗೆ ಬಂದದ್ದು ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆ. ಇಷ್ಟೇ. ಒಬ್ಬರ ಉಸಿರನ್ನು ಸೇತುವೆ ಮೇಲೆ ಹಿಡಿದು ನಿಲ್ಲಿಸುತ್ತಿದ್ದದ್ದು ಇಷ್ಟು ತೆಳ್ಳಗಿನದು. ಮೇಡಂ ಅದನ್ನು ಬೆಳಕಿಗೆ ಹಿಡಿದು, ಏನಾದರೂ ಅಚ್ಚಾಗಿದೆಯೇ ಅಂತ ನೋಡಿದರು.

ಮೇಸ್ತ್ರಿಯೂ ಮೇಡಮ್ಮೂ ಸೇತುವೆಯನ್ನು ಆರು ಸಲ ಹತ್ತಿ ಇಳಿದು ಬಂದರು. ಒಂದು ಸಲವೂ ನಿಲ್ಲಲಿಲ್ಲ.

ಈಗ ಕಾರ್ಡ್. ಸೀಲು ಡ್ರಾಯರಿನಲ್ಲೇ ಇರಲಿ, ಕೈಯಲ್ಲೇ ಬರೆಯುತ್ತೇನೆ ಅಂತ ಪೆನ್ನು ತೆಗೆದೆ. ವಾಕ್ಯದ ಕರ್ತೃವಿಗೇ ತಡವರಿಸಿದೆ. ಶೆಡ್ಡಿಗೆ ಹೋದೆ.

"ಮೇಸ್ತ್ರಿ, ನಿಮ್ ಹೆಸರೇನು?"

ಅವರ ಮುಖ ಸಣ್ಣದಾಯಿತು. "ಯಾಕಮ್ಮ? ಏನಾದ್ರೂ ತಪ್ಪಾಯ್ತಾ?"

ಇಷ್ಟು ವರ್ಷ ಇಲ್ಲಿ ಅವರ ಹೆಸರು ಕೇಳಿದ್ದು ತಪ್ಪಾದಾಗ ಮಾತ್ರವೇನೋ.

"ಏನೂ ತಪ್ಪಾಗಿಲ್ಲ. ಸರಿ ಮಾಡಿದ್ರಲ್ಲ, ಅದಕ್ಕೆ."

ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಎರಡೂ ಕೈ, ಬೆರಳು ಬೆರಳಾಗಿ. ನೆಟ್ಟಗೆ ನಿಂತು ಹೇಳಿದರು. ತಂದೆಯ ಹೆಸರು ಸೇರಿಸಿ, ಪೂರ್ತಿಯಾಗಿ. ಎಷ್ಟು ಚೆಂದದ ಹೆಸರು! ನಾಲ್ಕು ವರ್ಷ ನನಗೆ ಗೊತ್ತೇ ಇರಲಿಲ್ಲ. ಒಂದು ಒತ್ತಕ್ಷರ ಎರಡು ಸಲ ಕೇಳಿ ತಿಳಿದುಕೊಂಡೆ. ಕಾರ್ಡಿನಲ್ಲಿ ತಪ್ಪಬಾರದು, ವಾಕ್ಯವನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ. ಹೆಸರು ಮಾತ್ರ ಕಾರ್ಡಿನಲ್ಲೇ. ಮೇಡಂ ಆ ಕಡೆ ಕಾಯುತ್ತ ನಿಂತಿದ್ದಾರೆ —

ಈ ಕಾರನ್ನು ಸರಿಪಡಿಸಿದವರು…