ಕಾಕುವಿನ ಫೋಟೋ ಕಂದಾಗಬಾರದು

ಕಾಕಾ,

ಮೊದಲು ನನ್ನ ದೊಡ್ಡಸ್ತಿಕೆ ಕೇಳು, ತಪ್ಪನ್ನು ಆಮೇಲೆ ಹೇಳುತ್ತೇನೆ. ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆದು ನೀನು ತೆಗೆಯುತ್ತಿದ್ದ ಆ ಕಂದು ಬಣ್ಣ ನೆನಪಿದೆಯಾ? "ಮಷೀನಿನ್ಯಾಗ ಅದು ಬರಂಗಿಲ್ಲಲೇ ಬಸ್ಯಾ" ಎಂದು ನೀನು ನನ್ನನ್ನು ಅಣಕಿಸುತ್ತಿದ್ದೆ. ಬಂತು ನೋಡು! ಕರಿ ಇಂಕಿಗೆ ಒಂದಿಷ್ಟು ಹಳದಿ, ಅದಕ್ಕಿಂತ ಕಡಿಮೆ ಕೆಂಪು, ಸಿರಿಂಜಿನಿಂದ ಹನಿ ಹನಿ ಬೆರೆಸಿ ಪ್ರಿಂಟರಿಗೆ ತುಂಬಿದೆ. ಕಾಗದ ಹೊರಬಿದ್ದಾಗ ಮುಖ ಹಸಿರುಗಟ್ಟಿರುತ್ತದೆ. ಒಣಗುತ್ತಾ ಒಣಗುತ್ತಾ ಹಳೆಯ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಅಣ್ಣಿಗೇರಿಯಿಂದ ಗದಗಿನ ತನಕ ಇಂಥ ಕಂದು ಇನ್ನೊಬ್ಬ ತೆಗೆದು ತೋರಿಸಲಿ!

ಸ್ಟುಡಿಯೋದ ನೇಮ ಹಾಕಿದವನು ನೀನೇ. "ಕಂದು ತೀರಿ ಹ್ವಾದವರಿಗೆ, ಕರಿ ಇದ್ದವರಿಗೆ. ಅದಲಾಬದಲಿ ಮಾಡಬ್ಯಾಡ." ಆದರೆ ಮೊದಲ ಸಲ ಇಂಕು ತುಂಬಿದ ದಿನ ಕೈಗೆ ಸಿಕ್ಕಿದ್ದು ನಿನ್ನದೇ ಫೋಟೋ. ನೀನು ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದೆ. ಬರೀ ಚಾಷ್ಟಿಗೆ ಅದನ್ನು ಕಂದಿನಲ್ಲಿ ತೆಗೆದೆ ಕಾಕಾ, ದೇವರಾಣೆ. ಕಾಗದದ ಮೇಲೆ ನಿನ್ನ ಮುಖ ಒಣಗಿ ಕಂದಾಗುವಷ್ಟರಲ್ಲಿ ಹೊರಗೆ ಚಹಾದ ಕಪ್ಪು-ಬಸಿ ಬಿದ್ದು ಒಡೆದ ಸದ್ದು. ಓಡಿ ಬಂದರೆ ನಿನ್ನ ಉಸಿರು ನಿಂತಿತ್ತು. ಮಾಲೆ ಹಾಕಿದ್ದು ಅದೇ ಫೋಟೋಕ್ಕೆ. ಅದನ್ನು ಯಾವಾಗ ತೆಗೆದೆನೆಂದು ಇವತ್ತಿನವರೆಗೆ ಯಾರಿಗೂ...

ಹೋದ ತಿಂಗಳು ಕಾಕು ಇಳಕಲ್ಲ ಸೀರೆ ಉಟ್ಟು ಸ್ಟುಡಿಯೋಕ್ಕೆ ಬಂದಳು.

"ಲೇ ಬಸ್ಯಾ, ನಂದೂ ಒಂದು ತಗೀ. ನಿಮ್ಮ ಕಾಕಾನ ಬಣ್ಣದಾಗ. ಅವರ ಬಾಜೂಕ ಹಾಕ್ತೀನಿ."

"ಇದ್ದವರಿಗೆ ಆ ಬಣ್ಣ ಹಚ್ಚಂಗಿಲ್ಲ ಕಾಕು."

"ಅಂಜ್ತಿ ಏನಲೇ? ಊರತುಂಬ ಉಸ್ತಾದ ಅಂತ ಹೇಳ್ಕೋತ ಅಡ್ಡಾಡ್ತಿ!"

ನಾನು ಅಂಜಿದ್ದು ಯಾಕೆಂದು ಅವಳಿಗೆ ಹೇಗೆ ಹೇಳಲಿ? ಆ ಇಂಕು ಮುಗಿದಿದೆ ಎಂದು ಸುಳ್ಳು ಹೇಳಿ, ಬೇರೆ ಪ್ರಿಂಟರಿನಲ್ಲಿ ಬರೀ ಕರಿ ಇಂಕಿನಿಂದ ತೆಗೆದುಕೊಟ್ಟೆ. ಪಡಸಾಲೆಯಲ್ಲಿ ನಿನ್ನ ಪಕ್ಕಕ್ಕೆ ನಾನೇ ಮೊಳೆ ಹೊಡೆದೆ.

ಎಂಟು ದಿನ ಬಿಟ್ಟು ಹೋದಾಗ ಫೋಟೋದಲ್ಲಿ ನಿನ್ನ ಕಡೆಗಿದ್ದ ಅವಳ ಭುಜ ಕಂದಾಗಿತ್ತು. ಬಿಸಿಲಿಗೆ ಅಗ್ಗದ ಇಂಕು ಬಣ್ಣ ಬಿಡುತ್ತದೆ, ನನಗೆ ಗೊತ್ತಿಲ್ಲವೇ? ಆದರೆ ಆ ಗೋಡೆಗೆ ಬಿಸಿಲೆಲ್ಲಿ ಬೀಳುತ್ತದೆ? ಆಮೇಲೆ ಕಿವಿ. ಆಮೇಲೆ ಗಲ್ಲ... ಕಾಕುವಿಗೆ ಮಾತ್ರ ಹಿಗ್ಗೋ ಹಿಗ್ಗು. "ನೋಡಲೇ, ನಿನಗ ಬರಲಿಲ್ಲ, ಅವರಿಗೆ ಬಂತು!"

ಅವಳು ಗುಡಿಗೆ ಹೋದಾಗ ಅದನ್ನು ತೆಗೆದು, ಕರಿ ಇಂಕಿನ ಹೊಸ ಫೋಟೋ ಹಾಕಿ ಬರುತ್ತೇನೆ. ಮೂರು ಸಲ ಬದಲಿಸಿದೆ. ಒಂದಕ್ಕಿಂತ ಒಂದು ಬೇಗ ಕಂದಾಗುತ್ತಿದೆ. ಕಾಕು ಪ್ರತಿ ಸಲ ನಿನ್ನ ಫೋಟೋದ ಕಡೆ ನೋಡಿ ನಗುತ್ತಾಳೆ. ಕರೆಯುತ್ತಿರುವವನು ನೀನೇ ಏನು? ನನ್ನ ಮೇಲಿನ ಸಿಟ್ಟು ಅವಳ ಮೇಲೆ ಯಾಕೆ ಕಾಕಾ?

ತಪ್ಪು ಒಪ್ಪಿಕೊಂಡೆ. ಆದರೆ ಸೋಲು ಒಪ್ಪುವವನಲ್ಲ, ನಿನಗೇ ಗೊತ್ತು. ನೀನು ಕಂದು ಮಾಡುತ್ತಾ ಹೋಗು, ನಾನು ಕರಿ ಮಾಡುತ್ತಾ ಹೋಗುತ್ತೇನೆ. ನಾಳೆ ಮುಂಜಾನೆ ಕಾಕುವಿನ ಟ್ರಂಕು ಹೊತ್ತು ಅವಳನ್ನು ನನ್ನ ಮನೆಗೇ ಕರೆತರುತ್ತೇನೆ. ಬೈದರೆ ಬೈಯಲಿ. ಆ ಗೋಡೆ ನಿನಗಿರಲಿ. ಅವಳು ಇನ್ನೊಂದಿಷ್ಟು ದಿನ ನಮಗಿರಲಿ.

ನಿನ್ನ ಬಸ್ಯಾ