ಗುದ್ದಲಿ ಹಿಡಿದ ಫೋಟೋ

ಅಮ್ಮಾ,

ಹೊಲ ಗೇಯುವವರಿಗೆ ಸರ್ಕಾರ ಕೊಡುವ ಸಬ್ಸಿಡಿಗೆಂದು ಫೋಟೋ ತೆಗೆಯಲು ಅಧಿಕಾರಿ ಇವತ್ತು ನಮ್ಮ ಹೊಲಕ್ಕೆ ಬಂದಿದ್ದರು.

"ಇಲ್ಲಿ ರೈತರು ಯಾರು?"

ನನ್ನ ಬಟ್ಟೆ ಅಂಗಡಿಯಿಂದ ಇಸ್ತ್ರಿ ಅಂಗಿಯಲ್ಲೇ ಹೋಗಿದ್ದ ನಾನು "ನಾನೇ" ಅಂದೆ. ನೀನು ಹಾಸಿಗೆ ಹಿಡಿದಾಗಿನಿಂದ, ನೀನು ಹೋದ ಮೇಲೂ, ಅಲ್ಲಿ ದುಡಿಯುತ್ತಿರುವ ಗೇಣಿದಾರ ತನ್ನ ಗುದ್ದಲಿಯನ್ನು ನನ್ನ ಕೈಗಿಟ್ಟು ಪಕ್ಕಕ್ಕೆ ಸರಿದ.

"ನಿನ್ನ ನೆರಳು ಬೀಳ್ತಿದೆ, ಇನ್ನೂ ಆಚೆ ಹೋಗಪ್ಪ" ಅಂದರು ಅಧಿಕಾರಿ. ಅವನು ಬದು ದಾಟಿ ನಿಂತ. ಗುದ್ದಲಿಯ ಹಿಡಿ ಇನ್ನೂ ಬೆಚ್ಚಗಿತ್ತು.

"ಸ್ವಲ್ಪ ನಗಿ ಸಾರ್."

ನಕ್ಕೆ, ಅಮ್ಮಾ.

ಅವರು ಹೋದ ಮೇಲೆ ಅವನು ಕೈ ಚಾಚಿದ. "ಗುದ್ದಲಿ ಕೊಡಿ ಅಣ್ಣಾ, ನೀರು ತಿರುಗಿಸ್ಬೇಕು."

ನಿನ್ನ ಸೊಸೆ ಫೋಟೋ ನೋಡಿ, "ಥೇಟ್ ಅತ್ತೆ ಥರಾನೇ ಗುದ್ದಲಿ ಹಿಡಿದು ನಿಂತಿದ್ದೀರಿ, ಗೋಡೆ ಮೇಲಿರೋ ಅವರ ಫೋಟೋ ಪಕ್ಕ ಹಾಕೋಣ" ಅಂದಳು.

ಮೊಳೆ ಹೊಡೆದರೆ ಗೋಡೆ ಹಾಳಾಗುತ್ತದೆ ಅಂದುಬಿಟ್ಟೆ.